ಗುಮ್‌ಸುನ್ ಅಕ್ಕನ ಎಡಗೆನ್ನೆ

ಸಾಮ್‌ಚೊನ್‌ಪೊ ಬಂದರಿನ ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನ ಸ್ಟುಡಿಯೋ. ಆ ಬೆಳಿಗ್ಗೆ ಶಟರನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ, ಅದರಡಿಯಲ್ಲೇ ಬಗ್ಗಿಕೊಂಡು ಒಬ್ಬಳು ಒಳಗೆ ನುಗ್ಗಿದಳು. ಕಪ್ಪು ಹನ್‌ಬೊಕ್ ನಿಲುವಂಗಿ ಉಟ್ಟಿದ್ದಳು. ಕೂದಲಿಗೆ ಸಾವಿನ ಮನೆಯವರು ಸಿಕ್ಕಿಸಿಕೊಳ್ಳುವ ಬಿಳಿ ರಿಬ್ಬನ್, ಕಾಲಲ್ಲಿ ಆಸ್ಪತ್ರೆಯ ರಬ್ಬರ್ ಚಪ್ಪಲಿ. ಮುಖ ಎತ್ತಿದ ಮೇಲೆಯೇ ಅದು ಯುನ್‌ಜು ಎಂದು ತಿಳಿದದ್ದು.

"ಅಕ್ಕಾ, ಅಮ್ಮ ಹೋಗ್ಬಿಟ್ರು. ಬೆಳಗಿನ ಜಾವ."

ಕೈ ಹಿಡಿದು ಕೂರಿಸಲು ಹೋದೆ. ಕೂರಲಿಲ್ಲ.

"ಅಳೋಕೆ ಬಂದಿಲ್ಲ ಅಕ್ಕಾ. ಫೋಟೋ ಬೇಕು. ಆಸ್ಪತ್ರೆ ಶೋಕಗೃಹದಲ್ಲಿ ಹೂವಿನ ಮಧ್ಯೆ ಖಾಲಿ ಚೌಕಟ್ಟು ನಿಲ್ಸಿದಾರೆ. ಮಧ್ಯಾಹ್ನಕ್ಕೆಲ್ಲ ಜನ ಬರೋಕೆ ಶುರುವಾಗುತ್ತೆ. ಅಷ್ಟರೊಳಗೆ ಫೋಟೋ ಬರ್ಲಿಲ್ಲಾಂದ್ರೆ ಬರೀ ಹೆಸರಿನ ಹಲಗೆ ಇಟ್ಟು ಮುಗಿಸೋಣ ಅಂತಿದಾರೆ ದೊಡ್ಡಪ್ಪ."

ಯುನ್‌ಜುವಿನ ತಾಯಿ ಮಾ ಗುಮ್‌ಸುನ್ ಮಾರುಕಟ್ಟೆಯಲ್ಲಿ ಮೀನು ಸೀಳಿ, ಬಿಸಿಲಿಗೆ ಒಣಗಿಸಿ ಮಾರುತ್ತಿದ್ದವರು. ನನ್ನ ಅಂಗಡಿಯ ಮುಂದೆಯೇ ವರ್ಷಗಟ್ಟಲೆ ಬುಟ್ಟಿ ಹೊತ್ತು ಓಡಾಡಿದರೂ ಒಂದು ದಿನ ಒಳಗೆ ಬಂದು ಕ್ಯಾಮೆರಾ ಮುಂದೆ ಕೂತವರಲ್ಲ. ಕರೆದರೆ "ನನ್ನ ಮೋರೆಗೆ ನಿನ್ನ ಗಾಜು ಒಡೆದುಹೋಗುತ್ತೆ ಕಣೇ" ಎಂದು ನಗುತ್ತಾ ಹೊರಟುಬಿಡುತ್ತಿದ್ದರು. ಬೇರೆ ಹೆಂಗಸರೆಲ್ಲ ಅರವತ್ತು ತುಂಬುತ್ತಿದ್ದ ಹಾಗೆ ಬಂದು, ಸಾವಿನ ದಿನಕ್ಕೆಂದು ಒಂದು ಒಳ್ಳೆಯ ಫೋಟೋ ತೆಗೆಸಿಟ್ಟುಕೊಳ್ಳುತ್ತಿದ್ದರು. ಗುಮ್‌ಸುನ್ ಅಕ್ಕ ಮಾತ್ರ ಬರಲಿಲ್ಲ.

ಯುನ್‌ಜು ಎದೆಯ ಹತ್ತಿರ ಇಟ್ಟುಕೊಂಡಿದ್ದ ಲಕೋಟೆಯಿಂದ ಎರಡು ವಸ್ತು ತೆಗೆದಳು. ಒಂದು ಅಮ್ಮನ ಗುರುತಿನ ಚೀಟಿ. ಏಪ್ರನ್ನಿನ ಜೇಬಿನಲ್ಲೇ ಇರುತ್ತಿದ್ದ ಅದು ಉಪ್ಪುನೀರು ಕುಡಿದು ಕುಡಿದು, ಅದರಲ್ಲಿದ್ದ ಉಗುರಿನಷ್ಟು ಮುಖ ಬರೀ ಬಿಳಿಚು ಕಲೆಯಾಗಿತ್ತು. ಇನ್ನೊಂದು ಮಾರುಕಟ್ಟೆ ಹೆಂಗಸರು ಚೆರಿ ಹೂವು ನೋಡಲು ಪ್ರವಾಸ ಹೋದಾಗಿನ ಗುಂಪು ಫೋಟೋ. ಎರಡನೇ ಸಾಲಿನ ತುದಿಯಲ್ಲಿ ಗುಮ್‌ಸುನ್ ಅಕ್ಕ. ಮುಂದಿನ ಸಾಲಿನವಳು ಉತ್ಸಾಹಕ್ಕೆ ಬೀಸಣಿಗೆ ಎತ್ತಿ ಹಿಡಿದಿದ್ದಳು. ಅದು ಅಕ್ಕನ ಎಡಗಣ್ಣಿನಿಂದ ಗಲ್ಲದವರೆಗೂ ಮುಚ್ಚಿಬಿಟ್ಟಿತ್ತು. ನೋಡುತ್ತಾ ಹೋದಂತೆ ನನಗೆ ಒಂದು ಅನುಮಾನ ಬಂತು. ಬೀಸಣಿಗೆ ಅಡ್ಡ ಬಂದದ್ದಲ್ಲ, ಅಕ್ಕನೇ ಅದರ ಹಿಂದಕ್ಕೆ ಸರಿದಿದ್ದರು.

"ಇದೊಂದೇನಾ?"

"ಇದೊಂದೇ. ಮನೆಯೆಲ್ಲ ಹುಡುಕಿಸ್ದೆ."

ಕಂಪ್ಯೂಟರ್ ತಂದು ಆಗ ಕೆಲವೇ ವರ್ಷವಾಗಿತ್ತು. ಅದಕ್ಕೂ ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ಲಿನ ಮೊನೆಯಿಂದ ಮೊಡವೆ, ಸುಕ್ಕು ಮುಚ್ಚುತ್ತಿದ್ದವಳು ನಾನು. ಅಂಗಿ ಬದಲಿಸುವುದು, ಪಕ್ಕದವರನ್ನು ತೆಗೆಯುವುದು, ಮುಚ್ಚಿದ ಕಣ್ಣು ತೆರೆಸುವುದು, ಇದೆಲ್ಲ ದಿನನಿತ್ಯದ ಕೆಲಸ. ಆದರೆ ಅರ್ಧ ಮುಖವನ್ನೇ ಹುಟ್ಟಿಸಿರಲಿಲ್ಲ. ಹಾಗೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಸ್ಕ್ಯಾನ್ ಮಾಡಿ ಕುಳಿತೆ.

ಮೊದಲು ಸುತ್ತಲಿನವರನ್ನು ಅಳಿಸಿದೆ. ಪ್ರವಾಸದ ನೇರಳೆ ಜಾಕೆಟ್ ತೆಗೆದು ತಿಳಿ ಬಣ್ಣದ ಹನ್‌ಬೊಕ್ ತೊಡಿಸಿದೆ. ಟೋಪಿಯ ನೆರಳನ್ನು ಹಣೆಯಿಂದ ತೆಗೆದು ಬಿಸಿಲಿನ ಕಾವು ಇಳಿಸಿದೆ. ಯುನ್‌ಜು ನನ್ನ ಹೆಗಲ ಹಿಂದೆಯೇ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು. ಆಮೇಲೆ ಎಲ್ಲರೂ ಮಾಡುವ ಸುಲಭದ ಕೆಲಸವನ್ನೇ ನಾನೂ ಮಾಡಿದೆ. ಬಲಗಡೆಯ ಅರ್ಧವನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಎಡಕ್ಕೆ ಜೋಡಿಸಿದೆ.

ಪರದೆಯ ಮೇಲೆ ಒಬ್ಬ ಹೆಂಗಸು ಮೂಡಿದಳು. ಮುಖ ಲಕ್ಷಣವಾಗಿತ್ತು, ಎರಡೂ ಬದಿ ತೂಕ ಮಾಡಿದಂತೆ ಸಮವಾಗಿತ್ತು.

"ಯಾರಿದು?" ಯುನ್‌ಜು ಪರದೆಯ ಹತ್ತಿರಕ್ಕೆ ಬಗ್ಗಿದಳು. "ಅಕ್ಕಾ, ಯಾರಿದು? ಇವರನ್ನ ನಾನು ನೋಡೇ ಇಲ್ಲ!"

ಅವಳು ಹೇಳಿದ್ದು ಸರಿಯಾಗಿತ್ತು. ಗುಮ್‌ಸುನ್ ಅಕ್ಕನ ಬಾಯಿ ಎಡಕ್ಕೆ ಸ್ವಲ್ಪ ಎಳೆದಂತಿರುತ್ತಿತ್ತು, ಆ ಕಡೆಯ ರೆಪ್ಪೆ ತುಸು ಇಳಿದಿರುತ್ತಿತ್ತು. ಅದಿಲ್ಲದೆ ಅದು ಅವರಾಗಿರಲಿಲ್ಲ.

ಅಷ್ಟರಲ್ಲಿ ಯುನ್‌ಜುವಿನ ಫೋನ್ ಹೊಡೆದುಕೊಂಡಿತು. ಅವಳ ದೊಡ್ಡಪ್ಪ ಪ್ಯೋ ಜೆಚೊಲ್. ತಮ್ಮ, ಅಂದರೆ ಅವಳ ಅಪ್ಪ, ತೀರಿಕೊಂಡ ಮೇಲೆ ಆ ಮನೆಗೆ ತಾನೇ ಹಿರಿಯನೆಂದು ನಿಂತವನು. ಅವನ ಮಾತು ಫೋನಿನಿಂದ ಹೊರಗೆಲ್ಲ ಕೇಳುತ್ತಿತ್ತು.

"ಎಲ್ಲಿದೀಯೇ? ಜಿಂಜುವಿಂದ ನೆಂಟ್ರು ಹೊರಟಾಯ್ತಂತೆ. ಕರ್ಮಕ್ಕೆ ಕೂತೋಳು ಬೀದಿ ಸುತ್ತೋದು ಎಲ್ಲಾದ್ರೂ ಉಂಟಾ? ಏನು ಸಿಕ್ತೋ ಅದನ್ನ ಹಿಡ್ಕೊಂಡು ಬಾ."

"ಬರ್ತೀನಿ ದೊಡ್ಡಪ್ಪಾ" ಎಂದು ಇಟ್ಟುಬಿಟ್ಟಳು.

ನಾನು ಎದ್ದು ದೀಪ ಹಾಕಿದೆ. "ಬಾ, ಈ ಸ್ಟೂಲ್ ಮೇಲೆ ಕೂತ್ಕೊ. ತಾಯಿ ಮಕ್ಕಳಿಗೆ ದವಡೆ, ಕಣ್ಣಿನ ಮೂಲೆ ಎಲ್ಲಾದ್ರೂ ಹೊಂದೇ ಹೊಂದುತ್ತೆ. ನಿನ್ನ ಎಡಗಡೆ ತೆಗೆದು ಅಲ್ಲಿಗೆ ಕೂರಿಸಿ ನೋಡ್ತೀನಿ. ವಯಸ್ಸು ನಾನು ಹಾಕ್ತೀನಿ."

ಅವಳು ಸ್ಟೂಲನ್ನೂ ಪರದೆಯನ್ನೂ ಒಮ್ಮೆ ನೋಡಿದಳು. ಕೂತಳು. ನಾನು ತೆಗೆದೆ, ಜೋಡಿಸಿದೆ. ಹೊಂದಲಿಲ್ಲ. ಹಿಗ್ಗಿಸಿದೆ, ಕುಗ್ಗಿಸಿದೆ, ಓರೆ ಮಾಡಿದೆ. ಕೆನ್ನೆಯ ಮೂಳೆಯೇ ಬೇರೆ, ಕಿವಿಯ ಹಾಲೆಯೇ ಬೇರೆ. ಎರಡು ಬೇರೆ ಬಟ್ಟೆ ಹಿಡಿದು ಹೊಲಿದ ಹಾಗಿತ್ತು.

"ಬಿಡಿ ಅಕ್ಕಾ" ಎಂದಳು ಯುನ್‌ಜು. "ಹೊಂದಲ್ಲ. ನಾನು ಅವರು ಹೆತ್ತ ಮಗಳಲ್ಲ."

ಮೌಸ್ ಹಿಡಿದಿದ್ದ ನನ್ನ ಕೈ ನಿಂತಿತು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

"ನನ್ನ ಹೆತ್ತೋಳು ಸತ್ತಾಗ ನಾನಿನ್ನೂ ಸಣ್ಣವಳು. ಅಪ್ಪ ಇವರನ್ನ ಕರ್ಕೊಂಡು ಬಂದ್ರು. ಅವತ್ತಿಂದ ನಂಗೆ ಇವರೇ ಅಮ್ಮ. ಬೇರೆ ಅಮ್ಮ ಇದ್ರು ಅನ್ನೋದೇ ಮರೆತುಹೋಗೋ ಹಾಗೆ ಸಾಕಿದ್ರು."

"ಅವರಿಗೆ ಅಕ್ಕ ತಂಗಿ ಯಾರಾದ್ರೂ?"

"ಇಲ್ಲ."

"ಅಣ್ಣನ ಮಕ್ಕಳು, ಚಿಕ್ಕಮ್ಮನ ಮಕ್ಕಳು? ರಕ್ತಸಂಬಂಧ ಅಂತ ಒಬ್ಬರಾದ್ರೂ?"

ಯುನ್‌ಜು ಕಿಟಕಿಯ ಕಡೆ ತಿರುಗಿ ನಿಂತಳು.

"ಒಬ್ಬಳಿದಾಳೆ. ಮಗಳು. ಅಮ್ಮ ಇಲ್ಲಿಗೆ ಬರೋಕೆ ಮುಂಚೆ ಇನ್ನೊಂದು ಮನೇಲಿ ಬಿಟ್ಟು ಬಂದ ಮಗಳು. ಆಸ್ಪತ್ರೆಲಿ ಅಮ್ಮ ನರ್ಸ್ ಹತ್ರ ಹೇಳಿ ಅವಳಿಗೆ ಫೋನ್ ಮಾಡಿಸಿದ್ರಂತೆ, ನಂಗೆ ಹೇಳ್ದೆ. ಇವತ್ತು ಬೆಳಿಗ್ಗೆ ಬಂದಿದ್ಲು. ಚಪ್ಪಲಿ ಬಿಡೋ ಜಾಗದಲ್ಲಿ ನಿಂತು ಒಳಗೆ ನೋಡ್ತಿದ್ಲು. ದೊಡ್ಡಪ್ಪ ಹೊರಗೆ ಕರ್ಕೊಂಡು ಹೋಗಿ, 'ಇಲ್ಲಿ ನಿಂಗೆ ಯಾರೂ ಇಲ್ಲ, ಬಂದ ದಾರಿ ಹಿಡಿ' ಅಂದ್ರು."

"ನೀನೇನಂದೆ?"

"ನಾನು ಅಲ್ಲೇ ಇದ್ದೆ. ಏನೂ ಅನ್ಲಿಲ್ಲ." ಅವಳು ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು. "ಹೋಗ್ಲಿ ಅಂತಾನೇ ಇತ್ತು ನಂಗೂ. ಅವಳು ಬಂದು ಅಮ್ಮಾ ಅಂತ ಅತ್ರೆ ನಾನು ಯಾರಾಗ್ಲಿ?"

ನಾನು ಪರದೆಯ ಕಡೆ ನೋಡಿದೆ. ಅರ್ಧ ಮುಖ, ಅರ್ಧ ಬೀಸಣಿಗೆ. "ನಂಗೆ ತೋಚೋದು ಇಷ್ಟೇ ಯುನ್‌ಜು. ಅವಳ ಮುಖ ಸಿಕ್ರೆ ಇದು ಆಗುತ್ತೆ. ಇಲ್ಲಾಂದ್ರೆ ಆಗಲ್ಲ. ಯಾವುದು ಬೇಕು ನೀನೇ ಹೇಳು."

ಅವಳು ಶಟರಿನಡಿ ಬಗ್ಗಿ ಹೊರಗೆ ಓಡಿದಳು.

ನಾನು ಸ್ಕೂಟರ್ ತೆಗೆದು ಬಸ್ ನಿಲ್ದಾಣದ ದಾರಿಯಲ್ಲೇ ಅವಳನ್ನು ಹತ್ತಿಸಿಕೊಂಡೆ. ಸಾವಿನ ಬಟ್ಟೆ ಉಟ್ಟವಳು ಸ್ಕೂಟರಿನ ಹಿಂದೆ ಕೂತು ಹೋಗುವುದನ್ನು ಮೀನು ತೂಗುತ್ತಿದ್ದವರೆಲ್ಲ ತಕ್ಕಡಿ ಬಿಟ್ಟು ನೋಡಿದರು. ಬಸ್ ನಿಲ್ದಾಣದಲ್ಲಿ ಜಿಂಜು ಬಸ್ಸು ಇಂಜಿನ್ ಚಾಲೂ ಮಾಡಿ ನಿಂತಿತ್ತು.

ಯಾರೆಂದು ಯುನ್‌ಜು ತೋರಿಸಬೇಕಾಗಲೇ ಇಲ್ಲ. ಮೂರನೇ ಕಿಟಕಿಯಲ್ಲಿ ಕಪ್ಪು ಕೋಟಿನ ಹೆಂಗಸೊಬ್ಬಳು ಕೂತಿದ್ದಳು. ಎಡಗಣ್ಣಿನ ರೆಪ್ಪೆ ತುಸು ಇಳಿದಿತ್ತು.

ಯುನ್‌ಜು ಬಸ್ಸು ಹತ್ತಿದಳು. ಅವಳ ಹಿಂದೆ ನಾನೂ ಹತ್ತಿದೆ.

"ಇಳೀರಿ" ಎಂದಳು ಯುನ್‌ಜು.

ಆ ಹೆಂಗಸು ನಿಧಾನವಾಗಿ ತಲೆ ಎತ್ತಿದಳು. ಅವಳ ಹೆಸರು ಗಿಲ್ ಮಿರ್ಯೊಂಗ್, ಜಿಂಜು ದಾಟಿ ಹೋಗಬೇಕಾದ ಗುರೆ ಊರಿನಲ್ಲಿ ಸಣ್ಣದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ ಎಂದು ಆಮೇಲೆ ತಿಳಿಯಿತು. ತೊಡೆಯ ಮೇಲಿದ್ದ ಕೈಬೆರಳುಗಳ ತುದಿಯಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಕಲೆ ಇತ್ತು.

"ಯಾಕೆ? ಕಳಿಸಿದ್ದು ಸಾಲ್ದಾ? ಕರೆದು ಇನ್ನೊಂದು ಸಲ ಕಳಿಸ್ಬೇಕಾ?"

"ನಿಮ್ಮ ಮುಖ ಬೇಕು."

"ಏನಂದೆ?"

ಯುನ್‌ಜುವಿಗೆ ಮಾತು ತಡವರಿಸಿತು. ಫೋಟೋ, ಅರ್ಧ, ಬೀಸಣಿಗೆ ಎಂದು ಏನೇನೋ ಹೇಳಿದಳು. ಮಿರ್ಯೊಂಗ್ ನಕ್ಕಳು. ಕೇಳಲು ಹಿತವಾದ ನಗುವಲ್ಲ.

"ಚೆನ್ನಾಗಿದೆ. ಹುಟ್ಟಿದಾಗಿಂದ ಯಾರಿಗೂ ಬೇಡವಾಗಿದ್ದ ಮುಖ. ಈಗ ನಿಮ್ಮ ನೆಂಟ್ರ ಮುಂದೆ ಮರ್ಯಾದೆ ಉಳಿಸ್ಕೊಳ್ಳೋಕೆ ಬೇಕಾಯ್ತಾ?"

"ಏನ್ರಮ್ಮಾ, ಬರ್ತೀರೋ ಇಳೀತೀರೋ? ಇದು ನಿಮ್ಮನೆ ಜಗಲಿಯಲ್ಲ!" ಎಂದು ಡ್ರೈವರ್ ಕೂಗಿದ. ಹಿಂದಿನ ಸೀಟಿನ ಮುದುಕ ಲೊಚಗುಟ್ಟಿದ.

ಯುನ್‌ಜು ಲಕೋಟೆಯಿಂದ ಗುಂಪು ಫೋಟೋ ತೆಗೆದು ಮಿರ್ಯೊಂಗ್‌ಳ ಮಡಿಲಿಗೆ ಇಟ್ಟಳು. "ಎರಡನೇ ಸಾಲು. ತುದಿಯಲ್ಲಿ."

ಮಿರ್ಯೊಂಗ್ ನೋಡಿದಳು. ಬಗ್ಗಿ ಹತ್ತಿರದಿಂದ ನೋಡಿದಳು. ಬಣ್ಣದ ಬೆರಳನ್ನು ಬೀಸಣಿಗೆಯ ಮೇಲಿಟ್ಟು, ಅದನ್ನು ಸರಿಸಬಹುದೇನೋ ಎಂಬಂತೆ ಉಜ್ಜಿದಳು.

"ಇವರೇನಾ?" ಎಂದಳು. ದನಿ ಪೂರ್ತಿ ಬದಲಾಗಿತ್ತು. "ನಂಗೆ ಗೊತ್ತಿಲ್ಲ ಹೇಗಿದ್ರು ಅಂತ. ಇವರದ್ದಿದ್ದ ಫೋಟೋ ಎಲ್ಲಾ ಅಜ್ಜಿ ಒಲೆಗೆ ಹಾಕಿದ್ಲು. ಬೆಳಿಗ್ಗೆ ಬಂದದ್ದು ಅದಕ್ಕೇ. ಸಾವಿನ ಮನೇಲಿ ಫೋಟೋ ಇಟ್ಟಿರ್ತಾರಲ್ಲ, ಒಂದ್ಸಲ ನೋಡಿ ಹೋಗೋಣ ಅಂತ. ನೋಡಿದ್ರೆ ಚೌಕಟ್ಟು ಖಾಲಿ."

ಯುನ್‌ಜು ಅವಳ ಚೀಲ ಎತ್ತಿಕೊಂಡಳು. ಮೂವರೂ ಇಳಿದೆವು. ಡ್ರೈವರ್ ಬಾಗಿಲು ಮುಚ್ಚುತ್ತಾ ಏನೋ ಬೈದ.

ಸ್ಟುಡಿಯೋಗೆ ಮರಳುವಷ್ಟರಲ್ಲಿ ಯುನ್‌ಜುವಿನ ಫೋನ್ ಮತ್ತೆ ಮತ್ತೆ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ನಾನು ಮಿರ್ಯೊಂಗ್‌ಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಚೆರಿ ಹೂವಿನ ದಿನ ಬಿಸಿಲು ಯಾವ ಕಡೆಯಿಂದ ಬಿದ್ದಿತ್ತೋ ಆ ಕಡೆಯಿಂದ ದೀಪ ಇಟ್ಟೆ. "ಗಲ್ಲ ಸ್ವಲ್ಪ ಕೆಳಗೆ. ಬಾಯಿ ಬಿಗಿ ಹಿಡೀಬೇಡಿ." ಅವಳ ಬಾಯಿ ಸಡಿಲವಾಗುತ್ತಲೇ ಎಡಕ್ಕೆ ತುಸು ಎಳೆದಂತಾಯಿತು. ಯುನ್‌ಜು ಗೋಡೆಗೆ ಆತುಕೊಂಡಳು.

ಎಡಗೆನ್ನೆಯನ್ನು ತಂದು ಇಟ್ಟಾಗ ಹೆಚ್ಚು ಎಳೆದಾಡಬೇಕಾಗಲಿಲ್ಲ. ಅದು ತನ್ನ ಜಾಗ ಕಂಡುಕೊಂಡಿತು. ಆದರೆ ವಯಸ್ಸು ಹಾಕುವುದಿತ್ತು. ಬಲಗಡೆಯ ಸುಕ್ಕುಗಳನ್ನು ನೋಡಿಕೊಂಡು ಎಡಕ್ಕೆ ಒಂದೊಂದೇ ಎಳೆದೆ. ಚರ್ಮದ ನುಣುಪು ತೆಗೆದೆ, ಕಡಲ ಗಾಳಿ ಬಡಿದ ಕಪ್ಪನ್ನು ತಂದೆ.

"ಕಣ್ಣಿನ ಕೆಳಗೆ ಇನ್ನೂ ಸ್ವಲ್ಪ ಊದಿರ್ಬೇಕು" ಎಂದಳು ಯುನ್‌ಜು. "ಬೆಳಗಾಗೋ ಮುಂಚೆ ಎದ್ದು ಮೀನು ಸೀಳೋಕೆ ಕೂರ್ತಿದ್ರಲ್ಲ."

"ಇಷ್ಟಾ?"

"ಇನ್ನೂ. ಹಾಂ, ಸಾಕು."

"ನಗುವಾಗ ಹೇಗಿರ್ತಿತ್ತು?" ಎಂದು ಮಿರ್ಯೊಂಗ್ ಕೇಳಿದಳು. ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಬಾಯಿ ಮುಚ್ಕೊಂಡು ನಗ್ತಿದ್ರು. ಈ ಕಡೆ ಒಂದು ಹಲ್ಲು ಹೋಗಿತ್ತು."

"ಬೈತಿದ್ರಾ?"

"ಅಯ್ಯೋ, ಬೈಗುಳ ಅಂದ್ರೆ! ಇಡೀ ಮಾರ್ಕೆಟ್ಟಿಗೆ ಕೇಳಿಸ್ತಿತ್ತು."

ಮಿರ್ಯೊಂಗ್ ತಲೆ ಆಡಿಸಿದಳು. ಆಗ ಹೊರಗೆ ಕಾರಿನ ಬಾಗಿಲು ದಡಾರೆಂದು ಮುಚ್ಚಿದ ಶಬ್ದವಾಯಿತು. ಆ ಸದ್ದು ಕೇಳುತ್ತಲೇ ಜೆಚೊಲ್ ಬಂದನೆಂದು ಊಹಿಸಿ ನಾನು ಸೇವ್ ಒತ್ತಿದೆ. ಫೈಲು ದೊಡ್ಡದು, ನನ್ನ ಕಂಪ್ಯೂಟರ್ ನಿಧಾನದ್ದು. ಪರದೆಯ ಕೆಳಗೆ ನೀಲಿ ಪಟ್ಟಿ ಇಷ್ಟಿಷ್ಟೇ ತೆವಳಲು ಶುರುಮಾಡಿತು.

ಜೆಚೊಲ್ ಶಟರನ್ನು ಎರಡೂ ಕೈಯಿಂದ ಎತ್ತಿ ಒಳಗೆ ಬಂದ. ತೋಳಿಗೆ ಶೋಕದ ಪಟ್ಟಿ ಕಟ್ಟಿದ್ದ. ಮೊದಲು ಯುನ್‌ಜುವನ್ನು ನೋಡಿದ, ಆಮೇಲೆ ಮಿರ್ಯೊಂಗ್‌ಳನ್ನು.

"ಈಕೆ ಇಲ್ಲಿ ಏನ್ಮಾಡ್ತಿದಾಳೆ? ಹೋಗು ಅಂತ ಹೇಳಿದ್ನಲ್ಲ."

ಅವನು ಪರದೆಯ ಮುಂದೆ ಬಂದು ನಿಂತ. ಅಲ್ಲಿದ್ದ ಮುಖವನ್ನು, ಸ್ಟೂಲಿನ ಮೇಲಿದ್ದ ಮುಖವನ್ನು ನೋಡಿ ಏನಾಗಿದೆ ಎಂದು ಅವನಿಗೆ ಅರ್ಥವಾಯಿತು. ಕಿವಿಯವರೆಗೂ ಕೆಂಪೇರಿದ.

"ಅಳಿಸು."

"ಸ್ವಾಮಿ, ಇನ್ನೇನು ಮುಗೀತಾ ಬಂತು" ಎಂದೆ. ಪಟ್ಟಿ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ.

"ಅಳಿಸಮ್ಮಾ ಅಂದ್ರೆ ಅಳಿಸು! ನನ್ನ ತಮ್ಮ ಕಟ್ಕೊಂಡಿದ್ದು ಮಗು ಬಿಟ್ಟು ಬಂದೋಳನ್ನ ಅಂತ ಇಷ್ಟು ವರ್ಷ ಯಾರಿಗೂ ತಿಳೀದ ಹಾಗೆ ನೋಡ್ಕೊಂಡಿದೀನಿ. ಈಗ ಆ ಮಗಳ ಮುಖಾನ ಹೂವಿನ ಮಧ್ಯೆ ಇಟ್ಟು ಜಿಂಜು ನೆಂಟ್ರ ಕೈಲಿ ಅಡ್ಡಬೀಳಿಸ್ಬೇಕಾ?"

ಅವನು ಬಗ್ಗಿ ಮೇಜಿನ ಕೆಳಗಿನ ಸ್ವಿಚ್ಚಿಗೆ ಕೈ ಹಾಕಿದ. ಅವನ ಕೈ ಹಿಡಿಯುವ ಧೈರ್ಯ ನನಗಿರಲಿಲ್ಲ. ಯುನ್‌ಜು ಮುಂದೆ ಬಂದು ಮಂಡಿಯೂರಿ ಕೂತು, ಸ್ವಿಚ್ಚಿಗೂ ಅವನ ಬೆರಳಿಗೂ ಮಧ್ಯೆ ತನ್ನ ಅಂಗೈ ಇಟ್ಟಳು.

"ಆರಿಸಿ ದೊಡ್ಡಪ್ಪಾ. ಆರಿಸಿದ್ರೆ ಚೌಕಟ್ಟು ಖಾಲಿಯಾಗೇ ಇರುತ್ತೆ. ಬಂದೋರು ಯಾಕಮ್ಮಾ ಫೋಟೋ ಇಲ್ಲ ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ನಾನೇ ಎದ್ದು ನಿಂತು ಹೇಳ್ತೀನಿ. ಅಮ್ಮ ಹೆತ್ತ ಮಗಳು ಬಾಗಿಲಿಗೆ ಬಂದಿದ್ಲು, ಓಡಿಸಿದ್ವಿ, ಅದಕ್ಕೇ ಇಲ್ಲ ಅಂತ."

"ನೀನು... ನಂಗೇ..."

"ಅಮ್ಮಂಗೆ ಕರ್ಮ ಮಾಡ್ತಿರೋಳು ನಾನು. ನೀವಲ್ಲ."

ಅವಳು ದನಿ ಏರಿಸಿರಲಿಲ್ಲ. ದೊಡ್ಡಪ್ಪನಿಗೆ ಎದುರು ಮಾತಾಡಿ ಅಭ್ಯಾಸವಿಲ್ಲದ ಹುಡುಗಿ. ಕೈ ಮಾತ್ರ ಅಲ್ಲಿಂದ ಕದಲಲಿಲ್ಲ. ಜೆಚೊಲ್ ಬಗ್ಗಿದವನು ಬಗ್ಗಿಯೇ ಇದ್ದ. ಕಂಪ್ಯೂಟರ್ ಗುರುಗುಟ್ಟುತ್ತಿತ್ತು. ನೀಲಿ ಪಟ್ಟಿ ತುದಿ ಮುಟ್ಟಿ ಮಾಯವಾಯಿತು.

ಅವನು ಸೊಂಟ ಹಿಡಿದು ನೆಟ್ಟಗಾದ. ಮತ್ತೊಮ್ಮೆ ಪರದೆ ನೋಡಿದ. ಈ ಸಲ ಸ್ವಲ್ಪ ಹೊತ್ತು ನೋಡಿದ.

"ಫೋಟೋ ಇಟ್ಕೊ" ಎಂದ. "ಆದ್ರೆ ಇವಳು ಬಿಳಿ ರಿಬ್ಬನ್ ಸಿಕ್ಕಿಸ್ಕೊಂಡು ಮನೆಯೋರ ಸಾಲಲ್ಲಿ ನಿಲ್ಲೋ ಹಾಗಿಲ್ಲ. ಹತ್ತು ಜನರ ಹಾಗೆ ಬರ್ಲಿ, ನಮಸ್ಕಾರ ಮಾಡ್ಲಿ, ಊಟ ಮಾಡಿ ಹೋಗ್ಲಿ."

ಯುನ್‌ಜು ಏನೋ ಹೇಳಹೋದಳು. ಮಿರ್ಯೊಂಗ್ ಅವಳ ತೋಳು ಮುಟ್ಟಿ ತಡೆದಳು. "ಅಷ್ಟು ಸಾಕು" ಎಂದಳು.

ಪ್ರಿಂಟ್ ಬಿಸಿಬಿಸಿಯಾಗಿ ಹೊರಬಂತು. ನನ್ನ ಅಂಗಡಿಯದೇ ಒಂದು ಚೌಕಟ್ಟಿಗೆ ಕೂರಿಸಿ, ಮೇಲೆ ಕಪ್ಪು ಪಟ್ಟಿ ಓರೆಯಾಗಿ ಕಟ್ಟಿ, ನಾನೂ ಜೊತೆಗೇ ಹೋದೆ. ಶೋಕಗೃಹದಲ್ಲಿ ಆಗಲೇ ಮಾರುಕಟ್ಟೆಯ ಹೆಂಗಸರು ಬಂದು ಕೂತಿದ್ದರು. ಖಾರದ ಮಾಂಸದ ಸಾರಿನ ವಾಸನೆ, ಊದುಬತ್ತಿಯ ಹೊಗೆ. ಯುನ್‌ಜು ಖಾಲಿ ಚೌಕಟ್ಟು ತೆಗೆದು ಫೋಟೋವನ್ನು ಹೂವಿನ ಮಧ್ಯೆ ನಿಲ್ಲಿಸಿ ಹಿಂದೆ ಸರಿಯುತ್ತಲೇ, ಗುಮ್‌ಸುನ್ ಅಕ್ಕನ ಪಕ್ಕದಲ್ಲಿ ಕಡಲ ಸಿಂಪಿ ಮಾರುತ್ತಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ ನಮ್ಮ ಗುಮ್‌ಸುನ್ನೇ! ಅದೇ ಮೋರೆ ನೋಡ್ರೇ, ಈಗಲೇ ಬೈಯೋ ಹಾಗಿದಾಳೆ."

ಅಲ್ಲಿಯವರೆಗೆ ಯಾರೂ ಅತ್ತಿರಲಿಲ್ಲ. ಆಗ ಒಬ್ಬರಾದ ಮೇಲೆ ಒಬ್ಬರು ಶುರುಮಾಡಿದರು.

ಮಿರ್ಯೊಂಗ್ ಸರದಿಯಲ್ಲಿ ಎಲ್ಲರ ಹಿಂದೆ ನಿಂತಿದ್ದಳು. ಅವಳ ಸರದಿ ಬಂದಾಗ ಊದುಬತ್ತಿ ಹಚ್ಚಿ, ಫೋಟೋದ ಮುಂದೆ ಎರಡು ಸಲ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದಳು. ಆಮೇಲೆ ಬಂದವರೆಲ್ಲ ಮಾಡುವಂತೆ ಮನೆಯವರ ಕಡೆ ತಿರುಗಿದಳು. ಯುನ್‌ಜು ಪ್ರತಿನಮಸ್ಕಾರಕ್ಕೆಂದು ಬಗ್ಗಿದವಳು ಮೇಲೇಳಲಿಲ್ಲ. ಹೆಗಲು ಕುಲುಕುತ್ತಿತ್ತು. ಮಿರ್ಯೊಂಗ್ ಮಂಡಿಯಲ್ಲೇ ತೆವಳಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಯುನ್‌ಜು ತಲೆ ಎತ್ತದೆಯೇ ಚಾಪೆಯ ಮೇಲೆ ಒಂದಿಷ್ಟು ಸರಿದಳು. ಆ ಜಾಗದಲ್ಲಿ ಮಿರ್ಯೊಂಗ್ ಕೂತಳು. ರಿಬ್ಬನ್ ಇರಲಿಲ್ಲ, ಕಪ್ಪು ಕೋಟಿನಲ್ಲೇ ಕೂತಳು. ಜಿಂಜುವಿನ ಹೆಂಗಸೊಬ್ಬಳು "ಯಾರೇ ಆಕೆ?" ಎಂದು ಪಕ್ಕದವಳನ್ನು ಕೇಳಿದ್ದು ನನಗೂ ಕೇಳಿಸಿತು. ಜೆಚೊಲ್ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚಿದ. ಬಹಳ ಹೊತ್ತು ಒಳಗೆ ಬರಲಿಲ್ಲ. ಆದರೆ ಬಂದ ಮೇಲೂ ಅವಳನ್ನು ಎಬ್ಬಿಸಲಿಲ್ಲ.

ಶವ ಎತ್ತುವ ಹಿಂದಿನ ದಿನ ಮಿರ್ಯೊಂಗ್ ಸ್ಟುಡಿಯೋಗೆ ಬಂದಳು. ಅವಳಿಗೂ ಒಂದು ಪ್ರತಿ ತೆಗೆದಿಟ್ಟಿದ್ದೆ. ಅವಳು ಅದನ್ನು ನೋಡಿ ಪಕ್ಕಕ್ಕಿಟ್ಟಳು.

"ಇದು ಬೇಡ ಅಕ್ಕಾ. ಇದ್ರಲ್ಲಿ ಅರ್ಧ ನಾನೇ ಇದೀನಿ. ಆ ಬೀಸಣಿಗೆದು ಕೊಡಿ."

ಗುಂಪು ಫೋಟೋದಿಂದ ಅಕ್ಕನ ಭಾಗವನ್ನಷ್ಟೇ ದೊಡ್ಡದು ಮಾಡಿ ಕೊಟ್ಟೆ. ಬೀಸಣಿಗೆ, ನೇರಳೆ ಜಾಕೆಟ್, ಟೋಪಿಯ ನೆರಳು ಎಲ್ಲ ಇದ್ದ ಹಾಗೆಯೇ. ಒಂದು ಚುಕ್ಕೆಯನ್ನೂ ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ಶವದ ಬಸ್ಸು ರೂಢಿಯಂತೆ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿಕೊಂಡು ಹೊರಟಿತು. ಗುಮ್‌ಸುನ್ ಅಕ್ಕ ಕೂರುತ್ತಿದ್ದ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತಿತು. ಹೆಂಗಸರು ಕೈಗವಸು ಕಳಚಿ ಎದ್ದು ನಿಂತರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮುಂದಿನ ಸೀಟಿನಲ್ಲಿ ಫೋಟೋ ಹಿಡಿದು ಕೂತಿದ್ದವಳು ಯುನ್‌ಜು. ಅವಳ ಪಕ್ಕದಲ್ಲಿ ಮಿರ್ಯೊಂಗ್ ಕಿಟಕಿಗೆ ಮುಖ ಒತ್ತಿಕೊಂಡು, ಒಣಗಲು ಹರವಿದ್ದ ಮೀನಿನ ಸಾಲುಗಳನ್ನೂ ಹಲಗೆಯನ್ನೂ ಕತ್ತಿಯನ್ನೂ ಒಂದೊಂದಾಗಿ ನೋಡುತ್ತಿದ್ದಳು. ಯುನ್‌ಜು ಬೆರಳು ತೋರಿಸಿ ತೋರಿಸಿ ಅವಳಿಗೆ ಏನೋ ಹೇಳುತ್ತಿದ್ದಳು. ಜೆಚೊಲ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ ಬಸ್ಸು ಗುಡ್ಡದ ರಸ್ತೆಗೆ ತಿರುಗಿತು.